ಓದುಗರ ಪ್ರಶ್ನೆ: ಷೇರುಪೇಟೆಯ ಪಾಠ ಎಲ್ಲಿಂದ ಶುರು?

ಪ್ರಶ್ನೆ: ನಾನು ಪ್ರೌಢಶಾಲಾ ಶಿಕ್ಷಕಿ, ವಯಸ್ಸು 34. ಇದುವರೆಗೆ ಎಫ್‌ಡಿ ಮತ್ತು ಚೀಟಿಯ ಹೊರತು ಬೇರೇನನ್ನೂ ಮಾಡಿದವಳಲ್ಲ. ತಿಂಗಳಿಗೆ 5,000 ರೂಪಾಯಿಯನ್ನು ಷೇರಿನಲ್ಲಿ ತೊಡಗಿಸಬೇಕೆಂದಿದ್ದೇನೆ. ಸಹೋದ್ಯೋಗಿಗಳು ದಿನಕ್ಕೊಂದು ಷೇರಿನ ಹೆಸರು ಹೇಳುತ್ತಾರೆ. ಯಾವುದರಿಂದ ಆರಂಭಿಸಲಿ? – ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಯಾವ ಷೇರು ಎಂದು ಕೇಳುವುದಕ್ಕೆ ಮೊದಲು ಈ ಹಣ ತಮಗೆ ಮತ್ತೆ ಯಾವಾಗ ಬೇಕಾಗುತ್ತದೆ ಎಂಬುದನ್ನು ನಿಶ್ಚಯಿಸಿಕೊಳ್ಳಿ. 2008ರ ಜನವರಿಯಲ್ಲಿ ಮುಂಬೈ ಷೇರುಪೇಟೆಯ ಸೂಚ್ಯಂಕ ಸೆನ್ಸೆಕ್ಸ್ 21,000 ಅಂಶಗಳನ್ನು ದಾಟಿತ್ತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಒಂದು ದಿನ 8,000ಕ್ಕಿಂತಲೂ ಕೆಳಗಿಳಿಯಿತು. 2010ರ ನವೆಂಬರ್‌ನಲ್ಲಿ ಮತ್ತೆ 21,000 ಮುಟ್ಟಿದರೂ ಅಲ್ಲಿ ನಿಲ್ಲದೆ ಪುನಃ ಇಳಿಯಿತು. ಹಳೆಯ ಎತ್ತರವನ್ನು ದಾಟಿ ಮುಂದೆ ಸಾಗಿದ್ದು 2013ರ ಕೊನೆಯ ತಿಂಗಳುಗಳಲ್ಲಿ. ಆ ಶಿಖರದಲ್ಲಿ ಇದ್ದಬದ್ದ ಹಣವನ್ನೆಲ್ಲ ಒಟ್ಟಿಗೆ ಹಾಕಿದವರು, ಕಂಪನಿಗಳು ಷೇರುದಾರರಿಗೆ ಹಂಚುವ ಲಾಭಾಂಶವನ್ನು ಬಿಟ್ಟು ಲೆಕ್ಕ ಹಾಕಿದರೆ, ಅಸಲಿನ ಮೇಲೆ ಏನಾದರೂ ಕಾಣಲು ಸುಮಾರು ಆರು ವರ್ಷ ಕಾಯಬೇಕಾಯಿತು. ತಿಂಗಳು ತಿಂಗಳು ಹಾಕುತ್ತ ಬಂದವರಿಗೆ ಅಷ್ಟು ಕಷ್ಟವಾಗಲಿಲ್ಲ, ಏಕೆಂದರೆ ಅವರು ಇಳಿದ ಬೆಲೆಯಲ್ಲಿಯೂ ಕೊಂಡಿದ್ದರು. ಆದ್ದರಿಂದ ಆರೇಳು ವರ್ಷ ಮುಟ್ಟದೆ ಇರಬಹುದಾದ ಹಣವನ್ನಷ್ಟೇ ಇತ್ತ ತನ್ನಿ. ಆರು ತಿಂಗಳ ಮನೆಖರ್ಚು ಬ್ಯಾಂಕಿನಲ್ಲಿರಲಿ, ಆರೋಗ್ಯ ವಿಮೆ ಇರಲಿ, ಚಿನ್ನದ ಮೇಲಿನ ಸಾಲ ಇದ್ದರೆ ಅದು ಮೊದಲು ತೀರಲಿ.

ಷೇರುಗಳನ್ನು ವಿದ್ಯುನ್ಮಾನ ರೂಪದಲ್ಲಿ ಇಡುವ ಡಿಮ್ಯಾಟ್ ಖಾತೆ ತೆರೆಯುವುದು ಈಗ ಸುಲಭ. ಪ್ಯಾನ್, ಆಧಾರ್ ಮತ್ತು ಬ್ಯಾಂಕ್ ಖಾತೆ ಇದ್ದರೆ ಸಾಕು. ತಾವು ಕೊಂಡ ಷೇರುಗಳು ಬ್ರೋಕರ್ ಬಳಿ ಇರುವುದಿಲ್ಲ. ಎನ್‌ಎಸ್‌ಡಿಎಲ್ ಅಥವಾ ಸಿಡಿಎಸ್‌ಎಲ್ ಎಂಬ ಡೆಪಾಸಿಟರಿಯಲ್ಲಿ (ಷೇರುಗಳನ್ನು ಕಾಪಿಡುವ ಸಂಸ್ಥೆಯಲ್ಲಿ) ತಮ್ಮ ಹೆಸರಿನಲ್ಲೇ ಇರುತ್ತವೆ. ಅರ್ಜಿಯಲ್ಲಿ ಮೊಬೈಲ್ ಸಂಖ್ಯೆ ಮತ್ತು ಇಮೇಲ್ ತಮ್ಮದೇ ಆಗಿರಬೇಕು ಎಂಬುದನ್ನು ಒತ್ತಿ ಹೇಳುತ್ತೇನೆ. ಊರಿನ ಪರಿಚಿತ ಏಜೆಂಟರು ‘ಮೇಡಂ, ಒಟಿಪಿ ರಗಳೆ ನಿಮಗೇಕೆ’ ಎಂದು ಸ್ವಂತ ಸಂಖ್ಯೆಯನ್ನೇ ಬರೆದುಕೊಳ್ಳುವ ರೂಢಿ ಇನ್ನೂ ಇದೆ. ಹಾಗಾದರೆ ತಮ್ಮ ಖಾತೆಯಲ್ಲಿ ನಡೆಯುವುದು ತಮಗೆ ತಿಳಿಯುವುದೇ ಇಲ್ಲ. ನಾಮನಿರ್ದೇಶನವನ್ನೂ ಅಂದೇ ಮಾಡಿಬಿಡಿ. 4 ಲಕ್ಷ ರೂಪಾಯಿ ಮೌಲ್ಯದವರೆಗಿನ ಮೂಲಸೇವಾ (ಬೇಸಿಕ್ ಸರ್ವಿಸಸ್) ಡಿಮ್ಯಾಟ್ ಖಾತೆಗೆ ವಾರ್ಷಿಕ ನಿರ್ವಹಣಾ ಶುಲ್ಕವಿಲ್ಲ.

5,000ದಲ್ಲಿ 4,000 ರೂಪಾಯಿಯನ್ನು ನಿಫ್ಟಿ ಎಂಬ ಸೂಚ್ಯಂಕದ 50 ಕಂಪನಿಗಳಲ್ಲಿ ಆ ಸೂಚ್ಯಂಕದ ಪ್ರಮಾಣದಲ್ಲೇ ಹಣ ಹಂಚುವ ಇಂಡೆಕ್ಸ್ ಫಂಡಿನ ಡೈರೆಕ್ಟ್ ಪ್ಲಾನಿಗೆ (ಏಜೆಂಟರ ಕಮಿಷನ್ ಇಲ್ಲದ ಯೋಜನೆಗೆ) ಎಸ್‌ಐಪಿ, ಅಂದರೆ ತಿಂಗಳ ಕಂತಿನ ಮೂಲಕ ಹಾಕಿ ಎಂಬುದು ನನ್ನ ಸಲಹೆ. ಉಳಿದ 1,000 ರೂಪಾಯಿ ಕಲಿಕೆಗೆ. ತಾವು ಬಲ್ಲ ಸರಕನ್ನು ತಯಾರಿಸುವ ಒಂದು ಕಂಪನಿಯನ್ನು ಆರಿಸಿಕೊಳ್ಳಿ. ಬಲ್ಲದ್ದೆಲ್ಲ ಪೇಟೆಯಲ್ಲಿ ಸಿಗುವುದಿಲ್ಲ: ಮೈಸೂರು ಸ್ಯಾಂಡಲ್ ಸೋಪು ತಯಾರಿಸುವುದು ರಾಜ್ಯ ಸರ್ಕಾರದ ಸಂಸ್ಥೆ, ನಂದಿನಿ ಹಾಲು ಸಹಕಾರ ಮಹಾಮಂಡಳದ್ದು, ಎರಡರ ಷೇರುಗಳೂ ಪೇಟೆಯಲ್ಲಿಲ್ಲ. ಬೆಂಗಳೂರಿನಲ್ಲಿ ಕಚೇರಿ ಇರುವ ಟೈಟಾನ್ ಪೇಟೆಯಲ್ಲಿದೆ. ಟೈಟಾನ್ ಎಂದರೆ ಗಡಿಯಾರ ಎಂದೇ ನಮ್ಮ ತಲೆಯಲ್ಲಿದೆ. ಅದರ ವಾರ್ಷಿಕ ವರದಿಯಲ್ಲಿ ವಿಭಾಗವಾರು ವರಮಾನದ ಪಟ್ಟಿಯನ್ನು ತೆರೆದರೆ ಬಹುಪಾಲು ವರಮಾನ ಬರುವುದು ಆಭರಣ ವ್ಯವಹಾರದಿಂದ ಎಂಬುದು ಕಾಣುತ್ತದೆ. ಆಗ ಚಿನ್ನದ ಬೆಲೆ, ಮದುವೆಯ ಹಂಗಾಮು, ಆಮದು ಸುಂಕ ಎಲ್ಲವೂ ಆ ಷೇರಿಗೆ ಸಂಬಂಧಪಟ್ಟ ಸಂಗತಿಗಳೆಂದು ತಾನಾಗಿಯೇ ಹೊಳೆಯುತ್ತದೆ. ಅದನ್ನೇ ಕೊಳ್ಳಿ ಎಂದು ನಾನು ಹೇಳುತ್ತಿಲ್ಲ; ಓದುವ ಬಗೆ ಹೀಗೆ ಎಂದು ತೋರಿಸಿದೆನಷ್ಟೆ. ವರದಿಯಲ್ಲಿ ಮೂರು ಅಂಶಗಳನ್ನು ಹುಡುಕಿ: ಲಾಭ ನಿಜವಾಗಿ ನಗದಾಗಿ ಕೈಸೇರಿದೆಯೇ, ಸಾಲ ವರ್ಷದಿಂದ ವರ್ಷಕ್ಕೆ ಏರುತ್ತಿದೆಯೇ, ಪ್ರವರ್ತಕರು (ಕಂಪನಿಯನ್ನು ಕಟ್ಟಿದ ಅಥವಾ ಹಿಡಿತದಲ್ಲಿಟ್ಟುಕೊಂಡವರು) ತಮ್ಮ ಷೇರುಗಳನ್ನು ಅಡವಿಟ್ಟಿದ್ದಾರೆಯೇ. ಕಂಪನಿಯ ಜಾಲತಾಣದಲ್ಲಿ ಹಿಂದಿನ ವರ್ಷಗಳ ವರದಿಗಳೂ ಉಚಿತವಾಗಿ ಸಿಗುತ್ತವೆ. ಐದು ವರ್ಷದ ವರದಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ.

ಷೇರು ಕೊಂಡ ದಿನ ಬ್ರೋಕರ್ ಕಳುಹಿಸುವ ಕಾಂಟ್ರ್ಯಾಕ್ಟ್ ನೋಟನ್ನು (ವಹಿವಾಟಿನ ವಿವರಪಟ್ಟಿಯನ್ನು) ತೆರೆದು ಸಾಲು ಸಾಲಾಗಿ ಓದಿ. 10,000 ರೂಪಾಯಿಯ ಷೇರನ್ನು ಡಿಮ್ಯಾಟ್‌ಗೆ ಪಡೆದರೆ ವಹಿವಾಟು ತೆರಿಗೆ ಶೇ 0.1ರಂತೆ 10 ರೂಪಾಯಿ, ಮುದ್ರಾಂಕ ಶುಲ್ಕ ಶೇ 0.015ರಂತೆ ಒಂದೂವರೆ ರೂಪಾಯಿ ಆಗುತ್ತದೆ. ಅದರ ಮೇಲೆ ದಲ್ಲಾಳಿ ಶುಲ್ಕ, ವಿನಿಮಯ ಕೇಂದ್ರದ ಶುಲ್ಕ ಮತ್ತು ಜಿಎಸ್‌ಟಿ ಇರುತ್ತವೆ. ಪೇಟೆಯ ಮುಂದಿನ ಕೆಲಸದ ದಿನದೊಳಗೆ ಷೇರು ತಮ್ಮ ಖಾತೆಗೆ ಬಂದಿದೆಯೇ ಎಂದು ಡೆಪಾಸಿಟರಿಯ ಸಂದೇಶದಲ್ಲಿ ನೋಡಿಕೊಳ್ಳಿ.

ಪ್ರಶ್ನೆ: ನಾನು ಖಾಸಗಿ ಕಂಪನಿಯ ಉದ್ಯೋಗಿ. ಟೆಲಿಗ್ರಾಂ ಗುಂಪೊಂದರ ಸೂಚನೆಯಂತೆ ಆಪ್ಷನ್ಸ್ ವಹಿವಾಟು ಮಾಡಿ ಮೂರು ವಾರದಲ್ಲಿ 18,000 ರೂಪಾಯಿ ಗಳಿಸಿದ್ದೇನೆ. ವೈಯಕ್ತಿಕ ಸಾಲ ಪಡೆದು ಮೊತ್ತವನ್ನು ಹೆಚ್ಚಿಸಬಹುದೇ? – ಓದುಗರೊಬ್ಬರು, ಬೆಂಗಳೂರು

ಉತ್ತರ: ದಯವಿಟ್ಟು ಬೇಡ. 2024ರ ಸೆಪ್ಟೆಂಬರ್‌ನಲ್ಲಿ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ (ಮುಂದಿನ ಬೆಲೆಯನ್ನು ಊಹಿಸಿ ಮಾಡುವ ಒಪ್ಪಂದಗಳಲ್ಲಿ) ತೊಡಗಿದ ಒಂದು ಕೋಟಿಗೂ ಹೆಚ್ಚು ವೈಯಕ್ತಿಕ ವಹಿವಾಟುದಾರರಲ್ಲಿ ಶೇ 93ರಷ್ಟು ಮಂದಿ ಹಣ ಕಳೆದುಕೊಂಡಿದ್ದಾರೆ. ಅವರ ಸರಾಸರಿ ನಷ್ಟ ತಲಾ ಸುಮಾರು 2 ಲಕ್ಷ ರೂಪಾಯಿ. ಷೇರಿನ ಬೆಲೆ ಬಿದ್ದರೆ ಕಾಯಬಹುದು, ಆಪ್ಷನ್‌ಗೆ ಅವಧಿ ಮುಗಿಯುವ ದಿನವಿದೆ. ತಮ್ಮ ಊಹೆ ಸರಿಯಾಗಿದ್ದು ಒಂದು ದಿನ ತಡವಾಗಿ ನಿಜವಾದರೂ ಆಪ್ಷನ್ ಕೊಳ್ಳಲು ಕೊಟ್ಟ ಬೆಲೆ, ಅಂದರೆ ಪ್ರೀಮಿಯಂ, ಪೂರ್ತಿ ಹೋಗಬಹುದು. ಸಾಲದ ಕಂತು ಮಾತ್ರ ತಿಂಗಳಾದ ಕೂಡಲೇ ಬಂದು ನಿಲ್ಲುತ್ತದೆ. ತಾವು ಗಳಿಸಿದ 18,000 ರೂಪಾಯಿಯನ್ನು ಮೊದಲು ಬ್ಯಾಂಕ್ ಖಾತೆಗೆ ತಂದುಕೊಳ್ಳಿ.

ಗುಂಪಿನವರ ನೋಂದಣಿ ಸಂಖ್ಯೆಯನ್ನು ಕೇಳಿ, ಸೆಬಿಯ ಜಾಲತಾಣದಲ್ಲಿ ತಾಳೆ ನೋಡಿ. ಹೂಡಿಕೆ ಸಲಹೆಗಾರರ ಸಂಖ್ಯೆ ಐಎನ್‌ಎ ಎಂದೂ ಸಂಶೋಧನಾ ವಿಶ್ಲೇಷಕರ ಸಂಖ್ಯೆ ಐಎನ್‌ಎಚ್ ಎಂದೂ ಆರಂಭವಾಗುತ್ತದೆ. ಅವರು ಕಳುಹಿಸಿದ ಆ್ಯಪ್‌ನಲ್ಲಿ ಲಾಭ ಕಾಣುತ್ತಿದ್ದು, ಹಣವನ್ನು ಯಾವುದೋ ವ್ಯಕ್ತಿಯ ಖಾತೆಗೆ ಹಾಕಿಸಿಕೊಂಡಿದ್ದರೆ ಅದು ವಂಚನೆ. ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಪ್ರಶ್ನೆ: ಷೇರು ಮಾರಿದರೆ ತೆರಿಗೆ ಎಷ್ಟು? – ಓದುಗರೊಬ್ಬರು, ಉಡುಪಿ

ಉತ್ತರ: 2024ರ ಜುಲೈ 23ರಿಂದ ಜಾರಿಯಲ್ಲಿರುವ ದರದಂತೆ, ಪೇಟೆಯಲ್ಲಿರುವ ಕಂಪನಿಯ ಷೇರನ್ನು 12 ತಿಂಗಳೊಳಗೆ ಮಾರಿದರೆ ಲಾಭದ ಮೇಲೆ ಶೇ 20, ಅದಕ್ಕಿಂತ ಹೆಚ್ಚು ಕಾಲ ಇಟ್ಟು ಮಾರಿದರೆ ವರ್ಷಕ್ಕೆ 1.25 ಲಕ್ಷ ರೂಪಾಯಿ ಮೀರಿದ ಲಾಭದ ಮೇಲೆ ಶೇ 12.5. ಲಾಭಾಂಶ ತಮ್ಮ ಇತರ ಆದಾಯದೊಂದಿಗೆ ಸೇರುತ್ತದೆ.

ಪ್ರಶ್ನೆ: ತೀರಿಕೊಂಡ ತಂದೆಯವರ ಟ್ರಂಕಿನಲ್ಲಿ 1990ರ ದಶಕದ ಕಾಗದದ ಷೇರುಪತ್ರಗಳು ಸಿಕ್ಕಿವೆ. ನಮಗೆ ಈ ವಿಷಯದ ಗಂಧಗಾಳಿಯೂ ಇಲ್ಲ. ಏಜೆಂಟರೊಬ್ಬರು ಅರ್ಧ ಪಾಲು ಕೇಳುತ್ತಿದ್ದಾರೆ. – ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಅರ್ಧ ಪಾಲನ್ನು ಯಾರಿಗೂ ಕೊಡಬೇಕಾಗಿಲ್ಲ, ಪತ್ರಗಳ ಮೂಲಪ್ರತಿಯನ್ನೂ ಕೈಬಿಡಬೇಡಿ. 2019ರ ಏಪ್ರಿಲ್ 1ರಿಂದ ಕಾಗದದ ಷೇರುಗಳನ್ನು ಮಾರಾಟಕ್ಕಾಗಿ ವರ್ಗಾಯಿಸಲಾಗದು. ಆದರೆ ವಾರಸುದಾರರ ಹೆಸರಿಗೆ ಬದಲಾಯಿಸಿಕೊಳ್ಳಲು ತಡೆಯಿಲ್ಲ. ಪತ್ರದ ಮೇಲಿರುವ ಫೋಲಿಯೊ (ಷೇರುದಾರರ ಖಾತೆ) ಸಂಖ್ಯೆಯನ್ನು ಬರೆದುಕೊಂಡು, ಕಂಪನಿಯ ಜಾಲತಾಣದಲ್ಲಿ ಅದರ ರಿಜಿಸ್ಟ್ರಾರ್ (ಷೇರುದಾರರ ದಾಖಲೆ ನೋಡಿಕೊಳ್ಳುವ ಸಂಸ್ಥೆ) ಯಾರೆಂದು ನೋಡಿ ಅವರಿಗೆ ಪತ್ರ ಬರೆಯಿರಿ. ಕಂಪನಿಯ ಹೆಸರು ಬದಲಾಗಿರಬಹುದು, ಬೇರೊಂದರಲ್ಲಿ ವಿಲೀನವಾಗಿರಬಹುದು. ಕಂಪನಿ ಉಚಿತವಾಗಿ ಕೊಟ್ಟ ಬೋನಸ್ ಷೇರುಗಳು ಸೇರಿ ಸಂಖ್ಯೆ ಬೆಳೆದಿರಲೂಬಹುದು. ಮರಣ ಪ್ರಮಾಣಪತ್ರ, ವಾರಸುದಾರಿಕೆಯ ದಾಖಲೆ ಮತ್ತು ತಮ್ಮ ಪ್ಯಾನ್ ಬೇಕಾಗುತ್ತವೆ. ಷೇರುಗಳು ಕಡೆಗೆ ತಮ್ಮ ಡಿಮ್ಯಾಟ್ ಖಾತೆಗೇ ಬರುತ್ತವೆ. ಸತತ ಏಳು ವರ್ಷ ಲಾಭಾಂಶವನ್ನು ಪಡೆಯದಿದ್ದರೆ ಷೇರುಗಳು ಕೇಂದ್ರ ಸರ್ಕಾರದ ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ ನಿಧಿಗೆ (ಐಇಪಿಎಫ್) ವರ್ಗವಾಗಿರುತ್ತವೆ. ಆಗಲೂ ಅವು ಮುಳುಗಿದವೆಂದು ತಿಳಿಯಬೇಡಿ. ಐಇಪಿಎಫ್-5 ನಮೂನೆಯಲ್ಲಿ ಅರ್ಜಿ ಸಲ್ಲಿಸಿ ಹಿಂಪಡೆಯಬಹುದು, ತಿಂಗಳುಗಳು ಹಿಡಿಯಬಹುದಷ್ಟೆ. ರಿಜಿಸ್ಟ್ರಾರ್ ಉತ್ತರಿಸದೆ ಸತಾಯಿಸಿದರೆ ಸೆಬಿಯ ಸ್ಕೋರ್ಸ್ ಎಂಬ ಆನ್‌ಲೈನ್ ದೂರು ವೇದಿಕೆಯಲ್ಲಿ ದೂರು ದಾಖಲಿಸಿ, ಅದಕ್ಕೆ ಶುಲ್ಕವಿಲ್ಲ.