ಸ್ಟೇಡಿಯಂ ಎಲ್ಲಿ ಕಟ್ಟಬೇಕು? ನಿಮ್ಮ ಪ್ರಶ್ನೆ, ಹಳೇ ಲೈನ್ಸ್‌ಮನ್ ಉತ್ತರ

ಈ ತಿಂಗಳ ಕಾಗದಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯ. ಬೆಂಗಳೂರಿಗೆ ಫುಟ್‌ಬಾಲಿಗೇ ಅಂತ ಹೊಸ ಸ್ಟೇಡಿಯಂ ಬೇಕು, ಅದು ಎಲ್ಲಿರಬೇಕು ಅಂತ. ಹಾಗಾಗಿ ಮಂಡಿನೋವು, ಬೂಟು, ಆಫ್‌ಸೈಡ್ ಪ್ರಶ್ನೆ ಕೇಳಿದವರು ಒಂದು ತಿಂಗಳು ಕಾಯಬೇಕು.

ಪ್ರಶ್ನೆ: ಸಾರ್, ನಮ್ಮ ಹತ್ತಿರದ ಸೂರ್ಯನಗರದಲ್ಲಿ 80,000 ಜನ ಕೂರುವ ಕ್ರಿಕೆಟ್ ಸ್ಟೇಡಿಯಂ ಕಟ್ಟಲು ಸರ್ಕಾರ 2025ರಲ್ಲಿ ಒಪ್ಪಿಗೆ ಕೊಟ್ಟಿದೆ. ಪಕ್ಕದಲ್ಲೇ ಫುಟ್‌ಬಾಲಿಗೂ ಒಂದು ಕಟ್ಟಿಬಿಡಲಿ ಅನ್ನೋದು ನನ್ನ ವಾದ. ನಮ್ಮ ಭಾವ ಹಲಸೂರಿನವರು. ಅಷ್ಟು ದೂರ ಕಟ್ಟಿದರೆ ಕಾಗೆ ಕೂಡ ಬರಲ್ಲ ಅಂತಾರೆ. ಹಬ್ಬಕ್ಕೆ ಸೇರಿದಾಗೆಲ್ಲ ಇದೇ ಜಗಳ. ತೀರ್ಪು ಕೊಡಿ.
– ಪಿ.ಟಿ. ಮೇಷ್ಟ್ರು, ಚಂದಾಪುರ

ಉತ್ತರ: ಮೇಷ್ಟ್ರೇ, ಬಾವುಟ ಭಾವನ ಕಡೆಗೇ ಎತ್ತಿದ್ದೇನೆ. ಬೈದುಕೊಳ್ಳಿ, ಪರವಾಗಿಲ್ಲ. ಇಪ್ಪತ್ತೆರಡು ವರ್ಷ ಲೈನ್ಸ್‌ಮನ್ ಆಗಿ ಬಾವುಟ ಹಿಡಿದು ಗೆರೆ ಪಕ್ಕ ಓಡಿದವನಿಗೆ ಬೈಗುಳ ಹೊಸದಲ್ಲ.

ಭಾವ ಮ್ಯಾಚ್ ನೋಡಲು ನಿಮ್ಮ ಕಡೆ ಬರಬೇಕು ಅಂದುಕೊಳ್ಳಿ. ಹಲಸೂರಿನಲ್ಲಿ ನೇರಳೆ ಮೆಟ್ರೊ ಹತ್ತಬೇಕು. ಮೆಜೆಸ್ಟಿಕ್‌ನಲ್ಲಿ ಇಳಿದು ಹಸಿರು. ಆರ್.ವಿ. ರೋಡ್‌ನಲ್ಲಿ ಇಳಿದು ಹಳದಿ. ಬೊಮ್ಮಸಂದ್ರ ಬಂದ ಮೇಲೆ ಆಟೊ. 2025ರ ಆಗಸ್ಟ್‌ನಲ್ಲಿ ಹಳದಿ ಲೈನ್ ಶುರುವಾದ್ದರಿಂದ ಇಷ್ಟಾದರೂ ಆಗುತ್ತದೆ. ದೊಡ್ಡ ಲೀಗಿನ ಮ್ಯಾಚ್ ಸಂಜೆ ಏಳೂವರೆಗೆ ಶುರುವಾದರೆ ಮುಗಿಯುವಾಗ ಒಂಬತ್ತೂವರೆ. ಮತ್ತೆ ಆಟೊ, ಹಳದಿ, ಹಸಿರು, ನೇರಳೆ. ಭಾನುವಾರ ಫೈನಲ್ ಇದ್ದರೆ ಬಂದಾರು. ಬುಧವಾರ, ಮಳೆಯಲ್ಲಿ, ಎಂಟನೇ ಜಾಗದಲ್ಲಿ ಒದ್ದಾಡುತ್ತಿರುವ ತಂಡವನ್ನು ನೋಡೋಕೆ? ಅವರ ಹೆಂಡತಿ, ಅಂದರೆ ನಿಮ್ಮ ಅಕ್ಕನೇ ಬಿಡಲ್ಲ.

ಕ್ರಿಕೆಟ್ ಕಥೆ ಬೇರೆ. ದೊಡ್ಡ ಮ್ಯಾಚ್ ಅಂದರೆ ಮದುವೆ ಊಟ. ಟಿಕೆಟ್ ಸಿಕ್ಕರೆ ಸಾಕು, ಜನ ಹೊಸೂರಿನ ತನಕವೂ ಹೋಗ್ತಾರೆ. ಫುಟ್‌ಬಾಲ್ ಲೀಗ್ ಅಂದರೆ ದಿನದ ತಿಂಡಿ. ದರ್ಶಿನಿ ನಮ್ಮ ಬೀದಿ ಕೊನೆಯಲ್ಲೇ ಇರಬೇಕು, ಅಲ್ವಾ?

ಹಾಗಾದರೆ ಎಲ್ಲಿ? ನನ್ನ ಮಟ್ಟಿಗೆ ಜಾಗ ಹೊಸದಾಗಿ ಹುಡುಕಬೇಕಾಗಿಲ್ಲ. ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಮ್ಮನ್ನೇ ಕೆಡವಿ ಕಟ್ಟಲಿ. ನಾನು ಬೆಳೆದದ್ದು ಆಸ್ಟಿನ್ ಟೌನ್‌ನಲ್ಲಿ. ಅಲ್ಲಿಂದ ಅದಕ್ಕೆ ನಡೆದೇ ಹೋಗುತ್ತಿದ್ದೆವು. ಸಾಯಂಕಾಲದ ಲೀಗ್ ಮ್ಯಾಚ್‌ಗೆ ಕಾರ್ಖಾನೆಯವರು ಪಾಳಿ ಮುಗಿಸಿ, ಟಿಫನ್ ಕ್ಯಾರಿಯರ್ ಕೈಯಲ್ಲಿ ಹಿಡಿದೇ ಬಂದು ಕೂರುತ್ತಿದ್ದರು. ಐಟಿಐ, ಎಚ್‌ಎಎಲ್ ತಂಡಗಳು ಆಡಿದರೆ ಗ್ಯಾಲರಿ ಎರಡು ಪಾಲಾಗುತ್ತಿತ್ತು.

ಈ ಆಟ ನಮ್ಮೂರಲ್ಲಿ ಬೆಳೆದದ್ದೇ ದಂಡಿನ, ಅಂದರೆ ಕಂಟೋನ್ಮೆಂಟಿನ, ಸುತ್ತಮುತ್ತಲಿನ ಬೀದಿಗಳಲ್ಲಿ. ಆಸ್ಟಿನ್ ಟೌನ್, ಮರ್ಫಿ ಟೌನ್, ನೀಲಸಂದ್ರ, ಹಲಸೂರಿನ ಗೌತಮಪುರ. ಗೌತಮಪುರದಲ್ಲಿ ಪೆಲೆ ಪ್ರತಿಮೆಯೇ ಇದೆ. 1937ರಲ್ಲಿ ಬಾಂಬೆಗೆ ಹೋಗಿ ರೋವರ್ಸ್ ಕಪ್ ಗೆದ್ದು ತಂದದ್ದು ಬೆಂಗಳೂರು ಮುಸ್ಲಿಮ್ಸ್ ತಂಡ. ಮರುವರ್ಷವೂ ಅವರೇ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು ನಾವು 2–1ರಲ್ಲಿ ಸೋತೆವು. ಆ ಒಂದು ಗೋಲು ನಮ್ಮೂರ ರಾಮನ್ ಅವರದು. ನಮ್ಮ ತಂಡದ ಹೆಚ್ಚಿನವರು ಬರಿಗಾಲಲ್ಲಿ ಆಡಿದ್ದರು. ಅದೇ ತಂಡದಲ್ಲಿದ್ದ ಅಹ್ಮದ್ ಖಾನ್ ಕೂಡ ಇಲ್ಲಿಯವರೇ. ಆಟ ನೋಡುವ ಕಣ್ಣುಗಳು ಎಲ್ಲಿವೆಯೋ ಗ್ಯಾಲರಿ ಅಲ್ಲಿರಲಿ ಅನ್ನುತ್ತೇನೆ, ಅಷ್ಟೇ.

ಇನ್ನು ಎಷ್ಟು ದೊಡ್ಡದು? ನಾನು ಕೇಳೋದು 15,000 ಸೀಟು. ಹೆಚ್ಚೆಂದರೆ 18,000. ಈಗಿರುವುದು ಎಂಟು ಸಾವಿರ ಚಿಲ್ಲರೆ. ಕಡಿಮೆಯಾಯ್ತು ಅಂತ ಮೂಗು ಮುರಿಯುವವರು ಇಟಲಿಯ ಟ್ಯೂರಿನ್ ಕಡೆ ನೋಡಲಿ. 1990ರ ವಿಶ್ವಕಪ್‌ಗೆ ಅಲ್ಲಿ ಡೆಲ್ಲೆ ಆಲ್ಪಿ ಅಂತ ಕಟ್ಟಿದರು. 69,000 ಜನರಿಗೆ ಜಾಗ, ಮೈದಾನದ ಸುತ್ತ ಓಟದ ಟ್ರ್ಯಾಕ್. ಯುವೆಂಟಸ್‌ನಂಥ ತಂಡಕ್ಕೂ ಅದನ್ನು ತುಂಬಿಸಲು ಆಗಲಿಲ್ಲ. ಇಪ್ಪತ್ತು ವರ್ಷ ತುಂಬುವ ಮೊದಲೇ ಕೆಡವಿದರು. ಅದೇ ಜಾಗದಲ್ಲಿ 2011ರಲ್ಲಿ ಎದ್ದು ನಿಂತದ್ದು ಸುಮಾರು 41,000 ಸೀಟಿನದು, ಟ್ರ್ಯಾಕ್ ಇಲ್ಲದ್ದು. ಅದಾದ ಮೇಲೆ ಟಿಕೆಟ್‌ಗೆ ಪರದಾಟ ಶುರುವಾಯಿತು. ಖಾಲಿ ಸೀಟಿನ ಮುಂದೆ ಆಡೋದು ಎಷ್ಟು ಕಷ್ಟ ಅಂತ ಆಡಿದವರನ್ನು ಕೇಳಿ. ಬಾವುಟ ಹಿಡಿದು ಓಡುವವನಿಗೇ ನಾಚಿಕೆಯಾಗುತ್ತದೆ.

ನನ್ನ ವಾದದಲ್ಲೂ ಒಂದು ತೂತಿದೆ, ಭಾವನಿಗೆ ಹೇಳಬೇಡಿ. ಅಶೋಕನಗರದಲ್ಲಿ ಸೂಪರ್ ಡಿವಿಜನ್‌ನಿಂದ ಹಿಡಿದು ಕೆಳಗಿನ ಡಿವಿಜನ್‌ಗಳ ತನಕ ಲೀಗ್ ಮ್ಯಾಚ್ ನಡೆಯುತ್ತವೆ. ಕೃತಕ ಹುಲ್ಲಾದ್ದರಿಂದ ಒಂದೇ ದಿನ ಎರಡು ಮೂರು ಆಟ ಆಡಿಸಬಹುದು. ಕೆಡವಿದರೆ ಎರಡು ಮೂರು ವರ್ಷ ಆ ಹುಡುಗರು ಎಲ್ಲಿಗೆ ಹೋಗಬೇಕು? ಆಸ್ಟಿನ್ ಟೌನ್ ಮೈದಾನವನ್ನು ಮೊದಲು ಸರಿಮಾಡಿ, ಲೈಟ್ ಹಾಕಿ, ಲೀಗನ್ನು ಅಲ್ಲಿಗೆ ಸಾಗಿಸಿ, ಆಮೇಲೆ ಹಾರೆ ಎತ್ತಬೇಕು. ತಿರುಗಾಮುರುಗಾ ಮಾಡಿದರೆ ಊರಿನ ಲೀಗೇ ಸತ್ತುಹೋಗುತ್ತದೆ.

ನಿಮ್ಮ ಸೂರ್ಯನಗರಕ್ಕೆ? ನಾಲ್ಕು ಹುಲ್ಲಿನ ಮೈದಾನ, ಒಂದು ಕೊಳವೆಬಾವಿ, ಬಟ್ಟೆ ಬದಲಿಸುವ ಕೋಣೆ, ಹೆಣ್ಣುಮಕ್ಕಳಿಗೆ ಬೇರೆ ಶೌಚಾಲಯ. ಬಾಗಿಲಿಗೆ ಬೀಗ ಬೇಡ. ಪಿ.ಟಿ. ಮೇಷ್ಟ್ರಾಗಿ ನಿಮಗೆ ಬೇಕಾದ್ದು ಅದೇ ಅಲ್ವಾ?

ಪ್ರಶ್ನೆ: ಕಂಠೀರವ ಸ್ಟೇಡಿಯಂ ಇದೆಯಲ್ಲ, ಮತ್ತೊಂದು ಯಾಕೆ? ನನ್ನ ಮಗಳು 400 ಮೀಟರ್ ಓಡುತ್ತಾಳೆ. ಓಟ, ಫುಟ್‌ಬಾಲ್ ಎರಡೂ ಹಂಚಿಕೊಂಡು ಬಾಳೋಕೆ ಆಗಲ್ವಾ?
– ಗೃಹಿಣಿ, ವಿಜಯನಗರ

ಉತ್ತರ: ತಾಯಿ, ಹಂಚಿಕೊಂಡು ಬಾಳಿದ್ದನ್ನು ನೋಡಿದ್ದೇವಲ್ಲ. ಓಟದವರಿಗೂ ಫುಟ್‌ಬಾಲಿನವರಿಗೂ ಆದ ಕಿತ್ತಾಟ ಪೇಪರಿನ ತನಕ ಬಂತು. ತಪ್ಪು ಇಬ್ಬರದೂ ಅಲ್ಲ. ಗುಂಡು, ಸುತ್ತಿಗೆ, ಭರ್ಜಿ ಬಿದ್ದ ಹುಲ್ಲಿನ ಮೇಲೆ ಚೆಂಡು ನೆಟ್ಟಗೆ ಉರುಳಲ್ಲ. ಮ್ಯಾಚ್ ದಿನ ಜಾಹೀರಾತು ಹಲಗೆ, ಕ್ಯಾಮೆರಾ ತಂತಿ ಬಿದ್ದ ಟ್ರ್ಯಾಕ್‌ನಲ್ಲಿ ನಿಮ್ಮ ಮಗಳು ಓಡೋಕಾಗಲ್ಲ.

ನೋಡುವವರ ಕಷ್ಟ ಇನ್ನೊಂದು. ಪೆನ್ನು ತಗೊಳ್ಳಿ. 400 ಮೀಟರ್ ಟ್ರ್ಯಾಕ್‌ನ ಒಳಗಿನ ಜಾಗ ಉದ್ದಕ್ಕೆ ಸುಮಾರು 157 ಮೀಟರ್. ಫುಟ್‌ಬಾಲ್ ಮೈದಾನ 105. ಉಳಿದ 52ನ್ನು ಎರಡು ಕಡೆಗೆ ಹಂಚಿ. ಗೋಲಿನ ಹಿಂದೆ 26 ಮೀಟರ್ ಬಂತು. ಅದಕ್ಕೆ ಎಂಟು ಲೇನ್ ಸೇರಿಸಿ, ಒಂದೊಂದು 1.22 ಮೀಟರ್, ಒಟ್ಟು ಹತ್ತಿರ ಹತ್ತಿರ ಹತ್ತು. ಅಂದರೆ ಗೋಲ್‌ಗೆರೆಯಿಂದ ಮೊದಲ ಸಾಲಿನ ಸೀಟಿಗೆ ಕಡಿಮೆಯೆಂದರೂ 36 ಮೀಟರ್. ಪೆನಾಲ್ಟಿ ಬಾಕ್ಸ್‌ನ ಆಳ ಹದಿನಾರೂವರೆ ಮೀಟರ್. ಅದರ ಎರಡರಷ್ಟಕ್ಕಿಂತಲೂ ದೂರ ಕೂತು ಗೋಲಾಯ್ತೋ ಇಲ್ವೋ ಅಂತ ಪಕ್ಕದವರನ್ನು ಕೇಳಬೇಕು.

ಅಶೋಕನಗರದಲ್ಲಿ ನಾನು ಗೆರೆ ಪಕ್ಕ ಓಡುವಾಗ ಹಿಂದೆ ಕೂತವರ ಕಡ್ಲೆಕಾಯಿ ಸಿಪ್ಪೆ ನನ್ನ ಕಾಲರ್ ಒಳಗೆ ಬೀಳುತ್ತಿತ್ತು. ಬೆಂಗಳೂರು ಎಫ್‌ಸಿ 2013ರಲ್ಲಿ ಶುರುವಾದಾಗ ಮೊದಲ ಸೀಸನ್ ಆಡಿದ್ದು ಅಲ್ಲೇ. ಆ ಸೀಸನ್ನಲ್ಲೇ ಆಗಿನ ದೇಶದ ದೊಡ್ಡ ಲೀಗ್ ಆಗಿದ್ದ ಐ-ಲೀಗ್ ಗೆದ್ದರು. ಅಷ್ಟು ಹೊತ್ತಿಗೆ ನಾನು ಬಾವುಟ ಕೆಳಗಿಟ್ಟಿದ್ದೆ, ದುಡ್ಡು ಕೊಟ್ಟೇ ನೋಡಿದೆ. ನಾಯಕ ಸುನಿಲ್ ಛೆಟ್ರಿ ಕೈ ಎತ್ತಿ ಪಾಸ್ ಕೇಳಿದ್ದು ಗ್ಯಾಲರಿಗೆ ಕೇಳಿಸುತ್ತಿತ್ತು. ಮುಂದಿನ ಸೀಸನ್‌ಗೆ ಕಂಠೀರವಕ್ಕೆ ಹೋದರು. ಜನ ಜಾಸ್ತಿ ಬಂದರು, ನಿಜ. ಪಶ್ಚಿಮದ ಗ್ಯಾಲರಿಯ ಹುಡುಗರ ಹಾಡು ಮೈನವಿರೇಳಿಸುತ್ತದೆ, ಅದೂ ನಿಜ. ಆದರೆ ಆ ಹಾಡು ಟ್ರ್ಯಾಕ್ ದಾಟಿ ಹೋಗುವಷ್ಟರಲ್ಲಿ ಅರ್ಧ ಸವೆದಿರುತ್ತದೆ.

ಕಂಠೀರವ ಮಗಳಿಗಿರಲಿ. ಫುಟ್‌ಬಾಲಿನವರು ಅದನ್ನು ಬಿಟ್ಟುಕೊಟ್ಟರೆ ಹೊಸ ಸ್ಟೇಡಿಯಂ ಕೇಳುವ ಹಕ್ಕು ಇನ್ನೂ ಗಟ್ಟಿಯಾಗುತ್ತದೆ.

ಪ್ರಶ್ನೆ: ಕೆರೆ ಅಂಗಳದಲ್ಲಿ ಒಂದು ದೊಡ್ಡ ಜಾಗ ಖಾಲಿ ಬಿದ್ದಿದೆ. ಅಲ್ಲಿ ಕಟ್ಟಬಹುದಲ್ಲ?
– ನಿವೃತ್ತ ಗುಮಾಸ್ತರು, ಯಲಹಂಕ

ಉತ್ತರ: ಸ್ವಾಮಿ, ಇನ್ನೆಷ್ಟು ಕೆರೆ ನುಂಗೋಣ? ಕಂಠೀರವ ನಿಂತಿರೋದು ಸಂಪಂಗಿ ಕೆರೆ ಮೇಲೆ. ಕರಗದ ಪೂಜೆಗೆ ಅಂತ ಮೂಲೆಯಲ್ಲಿ ಒಂದು ಕೊಳ ಉಳಿಸಿದ್ದಾರೆ. ಹಾಕಿ ಸ್ಟೇಡಿಯಂ ಅಕ್ಕಿತಿಮ್ಮನಹಳ್ಳಿ ಕೆರೆ. ನಾನು ಹೊಗಳುತ್ತಿರುವ ಅಶೋಕನಗರದ ಮೈದಾನವೂ ಶೂಲೆ ಕೆರೆಯ ಅಂಗಳವೇ. ನಮ್ಮೂರ ಆಟವೆಲ್ಲ ನೀರಿನ ಸಾಲ. ಹಳೇ ಜಾಗದಲ್ಲೇ ಕಟ್ಟಿ ಅನ್ನೋದಕ್ಕೆ ಇದೂ ಒಂದು ಕಾರಣ.

ಪ್ರಶ್ನೆ: ನಾನು ಇಂಗ್ಲೆಂಡಿನ ಎವರ್ಟನ್ ತಂಡದ ಅಭಿಮಾನಿ. ಅವರೂ ಜಾಗಕ್ಕಾಗಿ ತುಂಬಾ ಒದ್ದಾಡಿದರಂತೆ. ನಮಗೆ ಅದರಿಂದ ಏನಾದರೂ ಸಿಗುತ್ತಾ?
– ಕಾಲೇಜು ವಿದ್ಯಾರ್ಥಿ, ಧಾರವಾಡ

ಉತ್ತರ: ಸಿಗುತ್ತೆ ಮಗಾ. ಲಿವರ್‌ಪೂಲ್ ನಗರದ ಗುಡಿಸನ್ ಪಾರ್ಕ್‌ನಲ್ಲಿ ಅವರು 1892ರಿಂದ ಆಡುತ್ತಿದ್ದರು. ಜಾಗ ಸಾಲದೇ ಬಂತು. ಮೊದಲು ನದಿ ದಂಡೆಯ ಕಿಂಗ್ಸ್ ಡಾಕ್ ನೋಡಿದರು. ದುಡ್ಡು ಹೊಂದಲಿಲ್ಲ, 2003ರಲ್ಲಿ ಕೈಬಿಟ್ಟರು. ಆಮೇಲೆ ನಗರದ ಗಡಿಯಾಚೆ ಕರ್ಕ್ಬಿ ಅನ್ನೋ ಕಡೆ, ದೊಡ್ಡ ಸೂಪರ್‌ಮಾರ್ಕೆಟ್ ಜೊತೆಗೆ ಕಟ್ಟುವ ಯೋಜನೆ. ಅಭಿಮಾನಿಗಳ ಮತ ಕೇಳಿದಾಗ ಹೆಚ್ಚಿನವರು ಹೂಂ ಅಂದರು. ಆದರೂ ಒಂದು ಗುಂಪು ನಮ್ಮ ತಂಡ ನಮ್ಮೂರಲ್ಲೇ ಇರಬೇಕು ಅಂತ ಪಟ್ಟು ಹಿಡಿಯಿತು. ಕೊನೆಗೆ 2009ರಲ್ಲಿ ಸರ್ಕಾರವೇ ಬೇಡ ಅಂತು. ವಾಲ್ಟನ್ ಹಾಲ್ ಪಾರ್ಕ್‌ನ ಯೋಚನೆಯೂ ಬಿದ್ದುಹೋಯಿತು. ಇಷ್ಟೆಲ್ಲ ಸುತ್ತಾಡಿ 2025ರಲ್ಲಿ ಹೋಗಿ ನೆಲೆ ನಿಂತದ್ದು ಬ್ರಾಮ್ಲಿ-ಮೂರ್ ಹಡಗುಕಟ್ಟೆಯಲ್ಲಿ. ಹಳೇ ಮನೆಯಿಂದ ಸುಮಾರು ಎರಡೇ ಮೈಲಿ.

ಅದೂ ಪುಕ್ಕಟೆ ಆಗಲಿಲ್ಲ. ಹಳೇ ಬಂದರಿನ ಕಟ್ಟೆ ಮುಚ್ಚಿ ಕಟ್ಟುವ ಈ ಯೋಜನೆಯೂ ಸೇರಿ ಬೇರೆ ಬೇರೆ ಕಟ್ಟಡಗಳ ಕಾರಣಕ್ಕೆ ಯುನೆಸ್ಕೊ 2021ರಲ್ಲಿ ಆ ನಗರವನ್ನು ವಿಶ್ವ ಪರಂಪರೆ ಪಟ್ಟಿಯಿಂದ ತೆಗೆಯಿತು. ನನಗೆ ಇಷ್ಟವಾದ ಭಾಗ ಬೇರೆ. ಗುಡಿಸನ್ ಪಾರ್ಕನ್ನು ಕೆಡವುವ ಯೋಚನೆ ಬಿಟ್ಟು ಹೆಣ್ಣುಮಕ್ಕಳ ತಂಡಕ್ಕೆ ಕೊಟ್ಟರು. ತವರುಮನೆ ಹೆಣ್ಣುಮಕ್ಕಳ ಪಾಲಿಗೆ ಬಂದದ್ದು ಅಪರೂಪಕ್ಕೆ ಕೇಳಿದೆ.

ಪ್ರಶ್ನೆ: ನೀವು ಸುಲಭವಾಗಿ ಅಶೋಕನಗರ ಅಂದುಬಿಟ್ಟಿರಿ. ಇಲ್ಲಿ ಇರೋರು ನಾವು. 2025ರ ಜೂನ್ 4ರಂದು ಚಿನ್ನಸ್ವಾಮಿ ಹತ್ತಿರ ಏನಾಯ್ತು ಗೊತ್ತಲ್ಲ? ಊರ ನಡುವೆ ಇನ್ನೊಂದು ಜನಜಾತ್ರೆ ಬೇಕಾ?
– ಹಿರಿಯ ನಾಗರಿಕರು, ಲ್ಯಾಂಗ್‌ಫರ್ಡ್ ಟೌನ್

ಉತ್ತರ: ಅಮ್ಮ, ನಿಮ್ಮ ಭಯ ಸುಳ್ಳಲ್ಲ. ಕಾಲ್ತುಳಿತದಲ್ಲಿ ಹನ್ನೊಂದು ಜನ ಸತ್ತರು. ಅಂದು ಅಲ್ಲಿ ಆಟ ಇರಲಿಲ್ಲ, ಆರ್‌ಸಿಬಿ ಕ್ರಿಕೆಟ್ ತಂಡದ ವಿಜಯೋತ್ಸವ ಇತ್ತು. ಒಳಗೆ ಹಿಡಿಸುವುದಕ್ಕಿಂತ ಎಷ್ಟೋ ಪಟ್ಟು ಜನ ಗೇಟಿನ ಮುಂದೆ ಬಂದುಬಿಟ್ಟಿದ್ದರು.

ನನ್ನ ಅನುಭವ ಒಂದು ಹೇಳುತ್ತೇನೆ. ಬಹಳ ಹಿಂದೆ ಒಂದು ಜಿಲ್ಲಾ ಕೇಂದ್ರದಲ್ಲಿ ಫೈನಲ್‌ಗೆ ಬಾವುಟ ಹಿಡಿದಿದ್ದೆ. ಹೆಚ್ಚೆಂದರೆ ಮೂರು ಸಾವಿರ ಜನ. ಮ್ಯಾಚ್ ಮುಗಿಯಿತು, ಎರಡು ಗೇಟಿನಲ್ಲಿ ಒಂದಕ್ಕೆ ಬೀಗ. ಕೀಲಿ ಇಟ್ಟುಕೊಂಡವರು ಕಾಫಿಗೆ ಹೋಗಿದ್ದರು. ಗೋಡೆಗೆ ಒತ್ತಿಕೊಂಡ ಒಬ್ಬ ಹುಡುಗನ ಕೈ ಮುರಿಯಿತು. ಅವನನ್ನು ನಾನೂ ಗೋಲ್‌ಕೀಪರೂ ಕಾರ್ನರ್ ಬಾವುಟದ ಕೋಲು ಕಟ್ಟಿ ಆಸ್ಪತ್ರೆಗೆ ಒಯ್ದೆವು. ಅವತ್ತಿನಿಂದ ಯಾವ ಮೈದಾನಕ್ಕೆ ಹೋದರೂ ಮೊದಲು ನೋಡೋದು ಗೇಟು. ಹುಲ್ಲು ಆಮೇಲೆ.

ಅದಕ್ಕೇ ನಾನು 15,000 ಅಂದಿದ್ದು, 50,000 ಅನ್ನಲಿಲ್ಲ. ಬ್ರಿಟನ್ನಿನ ಕ್ರೀಡಾಂಗಣ ಸುರಕ್ಷತೆಯ ಕೈಪಿಡಿಯಲ್ಲಿ ಒಂದು ಲೆಕ್ಕ ಇದೆ. ಸೀಟಿನಿಂದ ಎದ್ದವರೆಲ್ಲ ಎಂಟು ನಿಮಿಷದೊಳಗೆ ತಡೆಯಿಲ್ಲದ ದಾರಿ ಸೇರಬೇಕು. ಸೇರುವುದಿಲ್ಲ ಅಂದರೆ ಸೀಟು ಕಡಿಮೆ ಮಾಡಬೇಕು. ಇಲ್ಲೂ ಅದೇ ಆಗಲಿ. ಮೊದಲು ಗೇಟು, ಫುಟ್‌ಪಾತು ಅಳೆದು, ಆಮೇಲೆ ಸೀಟು ಎಣಿಸಲಿ. ಹನ್ನೆರಡು ಸಾವಿರವೇ ಬಂತು ಅಂದರೆ ಹನ್ನೆರಡೇ ಇರಲಿ, ನಾನು ತಕರಾರು ಮಾಡಲ್ಲ. ಟಿಕೆಟ್ ಇಲ್ಲದ ಸಮಾರಂಭ ಅಲ್ಲಿ ಬೇಡವೇ ಬೇಡ. ರಾತ್ರಿ ಹತ್ತರ ಮೇಲೆ ಮೈಕೂ ಬೇಡ.

ಪ್ರಶ್ನೆ: ಎಲ್ಲಾ ಬೆಂಗಳೂರಿಗೇ. ನಾವೇನು ಚೆಂಡು ಒದೆಯಲ್ವಾ?
– ಹುಬ್ಬಳ್ಳಿ ಹುಡುಗ

ಉತ್ತರ: ಒದೀರಿ, ಸರಿಯಾಗೇ ಒದ್ದಿರಿ. 2017ರ ಹದಿನೇಳರೊಳಗಿನವರ ವಿಶ್ವಕಪ್ ಭಾರತದ ಆರು ಊರುಗಳಲ್ಲಿ ನಡೆಯಿತು. ನಮ್ಮ ರಾಜ್ಯದ ಒಂದೂ ಇರಲಿಲ್ಲ. 2023ರಲ್ಲಿ ಐವತ್ತನಾಲ್ಕು ವರ್ಷದ ಮೇಲೆ ರಾಜ್ಯ ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿ ಗೆದ್ದೆವು, ಅದರ ಫೈನಲ್ ನಡೆದದ್ದು ಸೌದಿಯ ರಿಯಾದ್‌ನಲ್ಲಿ. ಮೊದಲು ರಾಜ್ಯದೊಳಗೆ ಒಂದು ಬರಲಿ. ಆಮೇಲೆ ನಿಮ್ಮೂರ ಪರವಾಗಿ ನಾನೇ ಅರ್ಜಿ ಬರೆಯುತ್ತೇನೆ.

ಪ್ರಶ್ನೆ: ಅಶೋಕನಗರದಲ್ಲಿ ಕಾರು ಎಲ್ಲಿ ನಿಲ್ಲಿಸೋದು?
– ಒಬ್ಬ ಓದುಗರು, ಸರ್ಜಾಪುರ ರಸ್ತೆ

ಉತ್ತರ: ಮನೆಯಲ್ಲಿ. ಎಂ.ಜಿ. ರೋಡ್ ಮೆಟ್ರೊದಲ್ಲಿ ಇಳಿದು ನಡೆದು ಬನ್ನಿ. ದಾರಿಯಲ್ಲಿ ಕಡ್ಲೆಕಾಯಿ ತಗೊಳ್ಳಿ, ಸಿಪ್ಪೆ ಮಾತ್ರ ಲೈನ್ಸ್‌ಮನ್ ಮೇಲೆ ಹಾಕಬೇಡಿ.