ಸೀಲ್ ಮೇಲೆ ಸೀಲ್ ಹಾಕಿದರೆ ನೀರು ನಿಲ್ಲುವುದಿಲ್ಲ

ಪ್ರಶ್ನೆ (ಭೋಸರಿ, ಪುಣೆ): ಆಳು ಕೂರದ, ರಿಮೋಟಿನ ಸಣ್ಣ ಸಬ್‌ಮರೀನ್ ಕಟ್ಟುತ್ತಿದ್ದೇವೆ. ಮೋಟರ್ ಒಳಗಿದೆ. ಪ್ರೊಪೆಲ್ಲರಿನ 20 ಮಿ.ಮೀ. ಶಾಫ್ಟಿಗೆ 20×35×7ರ (ಒಳವ್ಯಾಸ, ಹೊರವ್ಯಾಸ, ದಪ್ಪ) ಮೂರು ಆಯಿಲ್ ಸೀಲ್ ಸಾಲಾಗಿ ಕೂರಿಸಿದ್ದೇವೆ. 15 ಮೀಟರ್ ಆಳಕ್ಕೆ ಸಾಕೇ, ನಾಲ್ಕನೆಯದೂ ಬೇಕೇ?

ಉತ್ತರ: ನಾಲ್ಕಲ್ಲ, ಹತ್ತು ಹಾಕಿದರೂ ಅಷ್ಟೇ. ಒತ್ತಡವನ್ನು ಸೀಲ್‌ಗಳು ಪಾಲು ಮಾಡಿಕೊಳ್ಳುತ್ತವೆ ಎಂಬ ನಂಬಿಕೆ ಯಾಕೋ ಸಾಯುತ್ತಲೇ ಇಲ್ಲ. ಇಡೀ ಒತ್ತಡ ಮೊದಲನೆಯದರ ತುಟಿಯ ಮೇಲೇ, ಅಂದರೆ ಶಾಫ್ಟನ್ನು ತಬ್ಬುವ ರಬ್ಬರ್ ಅಂಚಿನ ಮೇಲೇ ಬೀಳುತ್ತದೆ. ಅದು ಸೋತ ಮೇಲೆ ಎರಡನೆಯದರ ಸರದಿ. ಅಷ್ಟರಲ್ಲಿ ಒಳಗಿನವು ಎಣ್ಣೆ ಕಾಣದೆ ಒಣಗಿ ಸವೆದಿರುತ್ತವೆ. ಟಿಸಿ ಮಾದರಿಯ (ಎರಡು ತುಟಿ, ತುಟಿಯನ್ನು ಬಿಗಿಯುವ ಸ್ಪ್ರಿಂಗ್) ಮಾಮೂಲಿ ಸೀಲ್ ಇರುವುದು ಗೇರ್‌ಬಾಕ್ಸಿನ ಎಣ್ಣೆ ಹಿಡಿಯಲು. ತಡೆಯುವುದು ಸುಮಾರು 0.3ರಿಂದ 0.5 ಬಾರ್ ಒತ್ತಡ. ಸಮುದ್ರದಲ್ಲಿ ಪ್ರತಿ 10 ಮೀಟರಿಗೆ 1 ಬಾರ್ ಏರುತ್ತದೆ. ನಿಮಗೆ ಬೇಕಾದದ್ದು 1.5.

ತಿರುಗುವ ಶಾಫ್ಟನ್ನು ಒಡಲಿನಿಂದ ಹೊರತರುವ ಯೋಚನೆಯನ್ನೇ ಬಿಡಿ. ಮೋಟರನ್ನೇ ಹೊರಗೆ ಹಾಕಿ. ಬ್ರಷ್‌ಲೆಸ್ ಮೋಟರನ್ನು ಡಬ್ಬಿಯೊಂದರಲ್ಲಿ ಕೂರಿಸಿ ಟ್ರಾನ್ಸ್‌ಫಾರ್ಮರ್ ಆಯಿಲ್ ತುಂಬಿ, ಡಬ್ಬಿಗೊಂದು ಮೆತ್ತನೆಯ ನೈಟ್ರೈಲ್ ಚೀಲ ಜೋಡಿಸಿ. ನೀರು ಚೀಲವನ್ನು ಒತ್ತಿದಷ್ಟೂ ಒಳಗಿನ ಎಣ್ಣೆಯ ಒತ್ತಡ ಏರುತ್ತದೆ. ಸೀಲಿನ ಎರಡೂ ಕಡೆ ಒತ್ತಡ ಒಂದೇ ಆದಾಗ ಅದೇ ಮಾಮೂಲಿ ಸೀಲ್ ಸಾಕು. ಮುಂಬೈನ ನಾಗದೇವಿ ಸ್ಟ್ರೀಟಿನಲ್ಲಿ ಕೊಳ್ಳುವಾಗ ಸ್ಟೇನ್‌ಲೆಸ್ ಸ್ಪ್ರಿಂಗಿನದು ಎಂದು ಬಿಡಿಸಿ ಹೇಳಿ. ಸಾದಾ ಉಕ್ಕಿನ ಸ್ಪ್ರಿಂಗ್ ಉಪ್ಪುನೀರಿನಲ್ಲಿ ಬೇಗ ತುಕ್ಕು ಹಿಡಿಯುತ್ತದೆ. ಬ್ರಷ್ ಇರುವ ಮೋಟರ್ ಬೇಡ, ಎಣ್ಣೆ ಬ್ರಷ್ಷಿನಡಿ ಸೇರಿ ಸಂಪರ್ಕ ಕೆಡಿಸುತ್ತದೆ. ಸ್ಪೀಡ್ ಕಂಟ್ರೋಲರ್ ಒಡಲಿನೊಳಗೇ ಇರಲಿ. ಅದರ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳು ಒತ್ತಡಕ್ಕೆ ಅಪ್ಪಚ್ಚಿಯಾಗುತ್ತವೆ.

ಎಣ್ಣೆಯಲ್ಲಿ ಗಾಳಿಗುಳ್ಳೆ ಉಳಿಸಬೇಡಿ. ಆಳದಲ್ಲಿ ಗುಳ್ಳೆ ಕುಗ್ಗಿದಷ್ಟೂ ಚೀಲದ ಎಣ್ಣೆ ಒಳಗೆ ಹೋಗುತ್ತದೆ; ಚೀಲ ಖಾಲಿಯಾದ ಮೇಲೆ ಸಮ ಒತ್ತಡದ ಮಾತೇ ಇಲ್ಲ. ಡಬ್ಬಿಯನ್ನು ಓರೆಯಾಗಿಸಿ ನಿಧಾನ ತುಂಬಿ, ವ್ಯಾಕ್ಯೂಮ್ ಪಂಪಿನಿಂದ ಗಾಳಿ ಎಳೆಯಿರಿ.

ಬಹಳ ಜನ ಮರೆಯುವುದು ಕೇಬಲನ್ನು. ವೈರಿನ ಎಳೆಗಳ ನಡುವಿನ ಸಂದಿನಲ್ಲೇ ಎಣ್ಣೆ ಹರಿದು ಒಡಲಿನೊಳಗೆ ತೊಟ್ಟಿಕ್ಕುತ್ತದೆ, ಹೊರಗಿನ ಗ್ಲ್ಯಾಂಡ್ (ಕೇಬಲ್ ಒಡಲನ್ನು ಹೊಗುವಲ್ಲಿ ಅದನ್ನು ಬಿಗಿಹಿಡಿಯುವ ಭಾಗ) ಎಷ್ಟೇ ಬಿಗಿಯಿದ್ದರೂ. ಗ್ಲ್ಯಾಂಡಿನ ಜಾಗದಲ್ಲಿ ಒಂದೆರಡು ಸೆಂ.ಮೀ. ಇನ್ಸುಲೇಷನ್ ಸುಲಿದು, ಎಳೆಗಳ ನಡುವೆ ಸೋಲ್ಡರ್ ಪೂರ್ತಿ ಇಳಿಸಿ, ಒಂದಕ್ಕೊಂದು ತಾಕದಂತೆ ಬಿಡಿಸಿಟ್ಟು ಎಪಾಕ್ಸಿ ಸುರಿಯಿರಿ.

ಇಷ್ಟಾದ ಮೇಲೂ ಮೋಟರ್ ಒಳಗೇ ಇರಬೇಕೆಂಬ ಹಟವಿದ್ದರೆ, ನೀರಿನ ಪಂಪಿನ ಮೆಕ್ಯಾನಿಕಲ್ ಸೀಲ್ ಹಾಕಿ; ಅದರಲ್ಲಿ ಎರಡು ನುಣುಪು ಮುಖಗಳನ್ನು ಸ್ಪ್ರಿಂಗ್ ಒಂದಕ್ಕೊಂದು ಒತ್ತಿ ಹಿಡಿದಿರುತ್ತದೆ. ಸ್ಪ್ರಿಂಗಿನ ಬದಿ ನೀರಿಗೆ. ಶಾಫ್ಟ್ ಹಿಂದೆ ಮುಂದೆ ಆಡದಂತೆ ಥ್ರಸ್ಟ್ ಬೇರಿಂಗ್ ಹಿಡಿದಿರಬೇಕು, ಇಲ್ಲದಿದ್ದರೆ ಮುಖಗಳು ಬಾಯಿ ಬಿಡುತ್ತವೆ.

ಪ್ರಶ್ನೆ (ವಾಸ್ಕೊ): ಶಾಫ್ಟಿನ ಸುತ್ತ ಗ್ರೀಸ್ ತುರುಕಿ ಎಂಸೀಲ್ ಮೆತ್ತಿದರೆ? ಗ್ಯಾರೇಜಿನವರು ಗ್ಯಾರಂಟಿ ಕೊಡುತ್ತಾರೆ.

ಉತ್ತರ: ಗ್ಯಾರಂಟಿಯನ್ನು ಕಾಗದದ ಮೇಲೆ ಬರೆಸಿಕೊಳ್ಳಿ.

ಪ್ರಶ್ನೆ (ಡೊಂಬಿವಲಿ): ಆಯಿಲ್ ಸೀಲ್ ಬದಲು ಓ-ರಿಂಗ್ ನಡೆಯುತ್ತದೆಯೇ?

ಉತ್ತರ: ಅಪರೂಪಕ್ಕೆ ಅಲುಗುವ ರಡ್ಡರಿನ ಸರಳಿಗೆ ನಡೆಯುತ್ತದೆ, ಪ್ರೊಪೆಲ್ಲರಿಗೆ ಬೇಡ. ಹಿಗ್ಗಿಸಿ ತೊಡಿಸಿದ ರಬ್ಬರ್ ಕಾದರೆ ಕುಗ್ಗುತ್ತದೆ. ಕುಗ್ಗಿ ಶಾಫ್ಟನ್ನು ಇನ್ನೂ ಬಿಗಿ ಹಿಡಿದು ಇನ್ನೂ ಕಾಯುತ್ತದೆ.

ಪ್ರಶ್ನೆ (ಥಾಣೆ): ಇದನ್ನೇ ದೊಡ್ಡದು ಮಾಡಿ ಒಬ್ಬರು ಕೂರಬಹುದೇ?

ಉತ್ತರ: ಕೂಡದು.

ಪ್ರಶ್ನೆ (ಪಣಜಿ): ಒಳಗೆ ಕಂಪ್ರೆಸರ್ ಗಾಳಿ ತುಂಬಿ ಸೋಪು ನೀರಿನಿಂದ ಪರೀಕ್ಷಿಸಿದರೆ ಸಾಲದೇ?

ಉತ್ತರ: ಸಾಲದು, ಅಪಾಯವೂ ಹೌದು. ಒತ್ತಡದ ಗಾಳಿ ಒಡೆದರೆ ಸಿಡಿಯುತ್ತದೆ. ಗಾಳಿಗುಳ್ಳೆ ಉಳಿಯದಂತೆ ನೀರು ತುಂಬಿದ ಪಾತ್ರೆ ಒಡೆದರೆ ಹೆಚ್ಚಾಗಿ ಸೋರುತ್ತದೆ. ಮೇಲಾಗಿ ಒಳಗಿನ ಒತ್ತಡ ಸೀಲಿನ ತುಟಿಯನ್ನು ತಿರುಗುಮುರುಗಾಗಿ ತಳ್ಳುತ್ತದೆ. ಸೀಲ್ ಇರುವ ಭಾಗವನ್ನು ಗಟ್ಟಿ ಪೈಪಿನೊಳಗೆ ಬೋಲ್ಟ್ ಮಾಡಿ, ಕೈಪಂಪಿನಿಂದ ಹೊರಬದಿಗೆ ನೀರಿನ ಒತ್ತಡ ಕೊಡಿ: 15 ಮೀಟರಿಗೆ ಒಂದೂವರೆ ಪಟ್ಟು, ಅಂದರೆ 2.25 ಬಾರ್. ಶಾಫ್ಟ್ ತಿರುಗುತ್ತಲೇ ಇರಬೇಕು. ನಿಂತ ಶಾಫ್ಟಿನಲ್ಲಿ ಸೋರದ ಸೀಲ್ ತಿರುಗುವಾಗ ಸೋರಿದರೆ ಲೇಥಿನ ಗೆರೆ ಹುಡುಕಿ; ಸುರುಳಿ ಗೆರೆ ಸ್ಕ್ರೂನಂತೆ ನೀರನ್ನು ಒಳಗೆಳೆಯುತ್ತದೆ. ಸೀಲ್ ಕೂರುವ ಜಾಗವನ್ನು ಗ್ರೈಂಡಿಂಗ್ ಮಾಡಿಸಿ, ಆರ್‌ಎ (ಮೇಲ್ಮೈಯ ಒರಟುತನದ ಅಳತೆ) 0.2ರಿಂದ 0.8 ಮೈಕ್ರಾನ್ ಎಂದು ಹೇಳಿ. ಎಮರಿ ಕಾಗದ ಉಜ್ಜಿ ಹೊಳಪು ಬರಿಸಿದ್ದು ಲೆಕ್ಕಕ್ಕಿಲ್ಲ.