ಪೆಟ್ಟು ಬಿದ್ದದ್ದು ಒಂದು ಮೈಗೆ, ಸೀಳಿದ್ದು ಇನ್ನೊಂದು ಮೈ

ಪ್ರಶ್ನೆ: ನನ್ನ ಫೋನ್ ಎರಡು ಸಲ ಎದೆಯೆತ್ತರದಿಂದ ನಯವಾದ ನೆಲಕ್ಕೆ ಮುಖ ಕೆಳಗಾಗಿ ಬಿದ್ದರೂ ಏನೂ ಆಗಲಿಲ್ಲ. ಮೂರನೇ ಸಲ ಮೊಣಕಾಲೆತ್ತರದಿಂದ ಜಲ್ಲಿಯ ಮೇಲೆ ಬಿತ್ತು, ಸ್ಕ್ರೀನ್ ನಕ್ಷತ್ರದಂತೆ ಸೀಳಿತು. ತೆಳು ಗಾಜು ಬೇಗ ಒಡೆಯುತ್ತದೆ ಅನ್ನುವುದಾದರೆ ಮೊದಲೆರಡು ಸಲ ಉಳಿದದ್ದು ಹೇಗೆ? ಇನ್ನಷ್ಟು ದಪ್ಪ ಗಾಜು ಹಾಕಬಾರದೇ?

ಉತ್ತರ: ತೆಳು ಗಾಜಿನ ಮೇಲೆ ಈ ಅಪವಾದ ತುಂಬಾ ಹಳೆಯದು. ಅದರಲ್ಲಿ ಅರ್ಧ ಮಾತ್ರ ನಿಜ.

ಮೈಕ್ರೋಸ್ಕೋಪಿಗೆ ಬಳಸುವ ಕವರ್ ಸ್ಲಿಪ್ ನೋಡಿದ್ದೀರಾ? ದಪ್ಪ ಸುಮಾರು 0.17 ಮಿ.ಮೀ. ಅದರ ಎರಡು ಅಂಚುಗಳನ್ನು ಬೆರಳುಗಳ ನಡುವೆ ಹಿಡಿದು ಮೆಲ್ಲಗೆ ಒತ್ತಿದರೆ ಬಿಲ್ಲಿನಂತೆ ಬಾಗುತ್ತದೆ, ಬಿಟ್ಟರೆ ಮತ್ತೆ ನೇರವಾಗುತ್ತದೆ. (ಮಾಡಿ ನೋಡುವುದಾದರೆ ಕಣ್ಣಿಗೆ ಕನ್ನಡಕ ಇರಲಿ.) ಬಾಗಿದಾಗ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ಗಾಜು ಕುಗ್ಗುವುದನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ, ಎಳೆತವನ್ನು ತಾಳುವುದಿಲ್ಲ. ಒಂದೇ ಬಾಗಿಗೆ ಹಾಳೆ ತೆಳುವಾದಷ್ಟೂ ಹೊರಮೈಯ ಎಳೆತ ಕಡಿಮೆ. 100 ಮಿ.ಮೀ. ತ್ರಿಜ್ಯಕ್ಕೆ ಬಗ್ಗಿಸಿದರೆ 0.1 ಮಿ.ಮೀ. ಗಾಜಿನಲ್ಲಿ ಸುಮಾರು 35 ಮೆಗಾಪಾಸ್ಕಲ್ (ಒಂದು ಚದರ ಮಿಲಿಮೀಟರಿಗೆ 35 ನ್ಯೂಟನ್ ಬಲ) ಎಳೆತ ಹುಟ್ಟುತ್ತದೆ. ಅದೇ ಬಾಗು 4 ಮಿ.ಮೀ. ಕಿಟಕಿ ಗಾಜಿನಲ್ಲಿ 1,400 ಮೆಗಾಪಾಸ್ಕಲ್ ಹುಟ್ಟಿಸಬೇಕು. ಆದರೆ ಕಿಟಕಿ ಗಾಜು ಸಾಮಾನ್ಯವಾಗಿ ಅದರ ಹತ್ತರಲ್ಲೊಂದು ಪಾಲು ಮುಟ್ಟುವ ಮೊದಲೇ ಸೀಳಿರುತ್ತದೆ. ಮಡಚುವ ಫೋನುಗಳಲ್ಲಿ 30 ಮೈಕ್ರಾನಿನಷ್ಟು (0.03 ಮಿ.ಮೀ.) ತೆಳು ಗಾಜನ್ನು ಬಳಸುವುದು ಇದೇ ಕಾರಣಕ್ಕೆ.

ಈಗ ಪೆಟ್ಟಿನ ವಿಷಯ. ದಪ್ಪ ಗಾಜಿನ ಮೇಲೆ ಉಕ್ಕಿನ ಗುಂಡು ಬಿದ್ದರೆ ಗಾಜು ಹೆಚ್ಚು ಬಗ್ಗುವುದಿಲ್ಲ, ಬಲವೆಲ್ಲ ಗುಂಡು ತಾಗಿದ ಪುಟ್ಟ ವೃತ್ತದಲ್ಲೇ ಕೂಡುತ್ತದೆ. ಈ ಸ್ಪರ್ಶದ ಲೆಕ್ಕವನ್ನು 1880ರ ದಶಕದ ಆರಂಭದಲ್ಲೇ ಕೊಟ್ಟವರು ಹೈನ್ರಿಕ್ ಹರ್ಟ್ಸ್, ಮುಂದೆ ರೇಡಿಯೋ ಅಲೆಗಳನ್ನು ತೋರಿಸಿಕೊಟ್ಟವರೇ. ವೃತ್ತದ ಅಂಚಿನಲ್ಲಿ ಉಂಗುರದಂಥ ಬಿರುಕು ಹುಟ್ಟಿ, ಒಳಗಿಳಿಯುತ್ತಾ ಶಂಕುವಿನಂತೆ ಅಗಲವಾಗುತ್ತದೆ. ತೆಳು ಗಾಜಿನ ಕಥೆ ಬೇರೆ. ಗುಂಡಿನ ಕೆಳಗೆ ಅದು ತಗ್ಗುತ್ತದೆ, ಹಿಂಬದಿ ಹಿಗ್ಗುತ್ತದೆ. ಆದ್ದರಿಂದ ಬಿರುಕು ಹುಟ್ಟುವುದು ಪೆಟ್ಟು ಬಿದ್ದ ಮೈಯಲ್ಲಲ್ಲ, ಅದರ ನೇರ ಹಿಂದಿನ ಮೈಯಲ್ಲಿ. ಅಲ್ಲಿಂದ ನಾಲ್ಕೂ ದಿಕ್ಕಿಗೆ ಕಿರಣಗಳಂತೆ ಹರಡುತ್ತದೆ. ನೀವು ಕಂಡ ನಕ್ಷತ್ರ ಬಹುಶಃ ಇದೇ. ಚಿಕ್ಕ ಕಲ್ಲು ಅತಿ ವೇಗದಲ್ಲಿ ಬಂದು ಬಡಿದರೆ ಮಾತ್ರ ಲೆಕ್ಕ ಬದಲಾಗುತ್ತದೆ. ಬಾಗುವ ಅಲೆ ಅಂಚು ಮುಟ್ಟುವ ಮೊದಲೇ ಪೆಟ್ಟು ಮುಗಿದಿರುವುದರಿಂದ ಇಡೀ ಹಾಳೆಗೆ ಬಗ್ಗಲು ಸಮಯವೇ ಸಿಗುವುದಿಲ್ಲ.

ನಿಮ್ಮ ಫೋನಿಗೆ ಬರೋಣ. 200 ಗ್ರಾಂ ತೂಕದ ಫೋನ್ ಒಂದು ಮೀಟರಿನಿಂದ ಬಿದ್ದರೆ ನೆಲ ಮುಟ್ಟುವಾಗ ಸೆಕೆಂಡಿಗೆ ಸುಮಾರು 4.4 ಮೀಟರ್ ವೇಗ, ಶಕ್ತಿ ಸುಮಾರು 2 ಜೂಲ್. ಮೊಣಕಾಲೆತ್ತರದಿಂದ ಬಿದ್ದರೆ ಅದರ ಅರ್ಧವೇ. ಅಂದರೆ ನಿಮ್ಮ ಸ್ಕ್ರೀನ್ ಒಡೆದದ್ದು ಕಡಿಮೆ ಪೆಟ್ಟಿಗೆ. ನಯವಾದ ನೆಲ ಆ ಪೆಟ್ಟನ್ನು ಗಾಜಿನ ಉದ್ದಗಲಕ್ಕೂ ಚೌಕಟ್ಟಿಗೂ ಹಂಚಿತು, ಜಲ್ಲಿ ಒಂದು ಮೊನೆಗೆ ತಂದಿಟ್ಟಿತು.

ಫೋನಿನ ಗಾಜಿಗೆ ಸಾಮಾನ್ಯವಾಗಿ ರಾಸಾಯನಿಕ ಬಲ ಕೊಟ್ಟಿರುತ್ತಾರೆ. ಕರಗಿದ ಪೊಟ್ಯಾಸಿಯಂ ನೈಟ್ರೇಟಿನಲ್ಲಿ ಅದ್ದಿದಾಗ ಗಾಜಿನ ಮೈಯಿಂದ ಚಿಕ್ಕ ಸೋಡಿಯಂ ಅಯಾನು ಹೊರಬಂದು ದೊಡ್ಡ ಪೊಟ್ಯಾಸಿಯಂ ಅಯಾನು ಆ ಜಾಗಕ್ಕೆ ತುರುಕಿಕೊಳ್ಳುತ್ತದೆ. ತುಂಬಿದ ಬಸ್ಸಿನಲ್ಲಿ ಒತ್ತಿಕೊಂಡು ನಿಂತ ಹಾಗೆ ಇಡೀ ಮೇಲ್ಪದರ ಒತ್ತಡದಲ್ಲಿರುತ್ತದೆ, ಗೀರುಗಳು ಬಾಯಿ ತೆರೆಯಲಾರವು. (ಕಾಯಿಸಿ ಗಾಳಿ ಊದಿ ಟೆಂಪರ್ ಮಾಡುವ ವಿಧಾನ ಇಷ್ಟು ತೆಳು ಗಾಜಿಗೆ ಒಗ್ಗುವುದಿಲ್ಲ. ಮೈಗೂ ಒಡಲಿಗೂ ಬೇಕಾದಷ್ಟು ಉಷ್ಣತೆಯ ವ್ಯತ್ಯಾಸ ಬರುವ ಮೊದಲೇ ಅದು ಪೂರ್ತಿ ತಣ್ಣಗಾಗಿಬಿಡುತ್ತದೆ.) ಆದರೆ ಆ ಒತ್ತಡದ ಪದರದ ಆಳ ಕೆಲವು ಹತ್ತು ಮೈಕ್ರಾನ್, ಅಷ್ಟೇ. ಜಲ್ಲಿಯ ಮೊನೆ ಅದನ್ನೂ ದಾಟಿ ಗಾಯ ಮಾಡಿದರೆ ಒಳಗೆ ಕಾದಿರುವುದು ಎಳೆತದ ವಲಯ.

ಮೊದಲೆರಡು ಬೀಳುವಿಕೆಗಳು ಪೂರ್ತಿ ನಿರುಪದ್ರವಿ ಎಂದೂ ನಾನು ಹೇಳಲಾರೆ. 1920ರ ಸುಮಾರಿಗೆ ಇಂಗ್ಲೆಂಡಿನ ಎಂಜಿನಿಯರ್ ಎ. ಎ. ಗ್ರಿಫಿತ್ ತೋರಿಸಿಕೊಟ್ಟದ್ದು ಇದನ್ನೇ: ಗಾಜಿನ ಬಲವನ್ನು ನಿರ್ಧರಿಸುವುದು ಕಣ್ಣಿಗೆ ಕಾಣದ ಗೀರುಗಳು. ಗಾಜಿನ ಎಳೆಯನ್ನು ಸಪೂರವಾಗಿ ಎಳೆದಷ್ಟೂ ಅಡ್ಡಕೊಯ್ತದ ಪ್ರತಿ ಚದರ ಮಿಲಿಮೀಟರಿಗೆ ಅದರ ಬಲ ಹೆಚ್ಚುತ್ತಾ ಹೋಗುವುದನ್ನು ಅವರು ಅಳೆದು ತೋರಿಸಿದರು. ಇದನ್ನು ಓದಿದ ದಿನ ನನಗಾದ ಬೆರಗು ಇವತ್ತಿಗೂ ಇಳಿದಿಲ್ಲ. ಅಂಚಿನ ಸಣ್ಣ ಚಕ್ಕೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಆದರೆ ನಾನು ಮೊದಲು ನೋಡುವುದೇ ಅಲ್ಲಿ.

ದಪ್ಪ ಗಾಜು? ಮೊನೆಯ ಪೆಟ್ಟಿಗೆ ಅದೇ ಮೇಲು, ಒಪ್ಪುತ್ತೇನೆ. ಆದರೆ ದಪ್ಪ ಎರಡರಷ್ಟಾದರೆ ಬಿಗಿತ ಎಂಟರಷ್ಟಾಗುತ್ತದೆ. ಬಗ್ಗಿ ಪೆಟ್ಟನ್ನು ನಿಧಾನಕ್ಕೆ ತೆಗೆದುಕೊಳ್ಳುವ ಗುಣ ಹೋಗಿ ಪೆಟ್ಟಿನ ಗರಿಷ್ಠ ಬಲ ಏರುತ್ತದೆ. ಫೋನೂ ಭಾರವಾಗುತ್ತದೆ, ಬೀಳುವ ಶಕ್ತಿಯೂ ಹೆಚ್ಚುತ್ತದೆ.

ಪ್ರಶ್ನೆ: ಒಡೆದ ಗಾಜನ್ನು ನೋಡಿ ಎಲ್ಲಿಂದ ಶುರುವಾಯಿತೆಂದು ಹೇಳಬಹುದೇ?

ಉತ್ತರ: ಹೇಳಬಹುದು. ದಪ್ಪ ಚೂರೊಂದರ ಮುರಿದ ಅಂಚನ್ನು ದೀಪಕ್ಕೆ ಓರೆಯಾಗಿ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ಒಂದು ಕಡೆ ಕನ್ನಡಿಯಷ್ಟು ನಯವಾದ ಅರ್ಧಚಂದ್ರ, ಅದರ ಸುತ್ತ ಮಂಜು ಕವಿದಂತೆ ಮಸುಕು, ಆಚೆಗೆ ಒರಟು ಗೆರೆಗಳು. ಅರ್ಧಚಂದ್ರದ ನಡುವೆಯೇ ಮೂಲ ಗೀರು. ಬಿರುಕು ವೇಗ ಪಡೆಯುತ್ತಾ ಸೆಕೆಂಡಿಗೆ ಸುಮಾರು ಒಂದೂವರೆ ಕಿಲೋಮೀಟರ್ ತಲುಪುವ ಹೊತ್ತಿಗೆ ಮೈ ಒರಟಾಗುತ್ತದೆ. ನಯವಾದ ಭಾಗ ಚಿಕ್ಕದಿದ್ದಷ್ಟೂ ಒಡೆಯುವಾಗಿನ ಎಳೆತ ದೊಡ್ಡದು. ಸಾಮಾನ್ಯ ಗಾಜಿನಲ್ಲಿ ಅದರ ತ್ರಿಜ್ಯ 1 ಮಿ.ಮೀ. ಇದ್ದರೆ ಸುಮಾರು 60 ಮೆಗಾಪಾಸ್ಕಲ್ ಎಂದು ಲೆಕ್ಕ.

ಪ್ರಶ್ನೆ: "9ಎಚ್" ಸ್ಕ್ರೀನ್ ಗಾರ್ಡ್ ಇದ್ದರೆ ಮರಳಿಗೂ ಗೀರಾಗುವುದಿಲ್ಲವೇ?

ಉತ್ತರ: ಆಗುತ್ತದೆ. ಆ 9ಎಚ್ ಪೆನ್ಸಿಲಿನಿಂದ ಗೀರಿ ನೋಡುವ ಗಡಸುತನದ ಅಳತೆ, ಖನಿಜಗಳ ಮೋಸ್ ಅಳತೆಯಲ್ಲ. ಮರಳಿನ ಕ್ವಾರ್ಟ್ಜ್ ಮೋಸ್ ಅಳತೆಯಲ್ಲಿ 7, ಗಾಜು ಅದಕ್ಕಿಂತ ಕೆಳಗೆ. ಆದರೂ ಗಾರ್ಡ್ ಹಾಕಿಕೊಳ್ಳಿ, ಸ್ಕ್ರೀನಿಗೆ ಬೀಳಬೇಕಾದ ಗೀರನ್ನು ಅದು ತೆಗೆದುಕೊಳ್ಳುತ್ತದೆ. ಉಗುರು ತಾಗಿ ನಿಲ್ಲುವಷ್ಟು ಆಳದ ಗೀರು ಕಂಡ ದಿನ ಬದಲಾಯಿಸಿ.